ಕೊಟ್ಟ ತಾರೀಖು

ತಾಲೂಕು ಆಫೀಸಿನಿಂದ ಸುತ್ತೋಲೆ ಬಂದಿದೆ:
ಹತ್ತರಿಂದ ಹದಿಮೂರು ವಯಸ್ಸಿನ ಮಕ್ಕಳಿಗೆ
ಬೇಸಿಗೆ ರಜೆಯಲ್ಲಿ ಓದಿಸತಕ್ಕ ಹತ್ತು ಪುಸ್ತಕ,
ಹೆಸರು, ಪ್ರಕಾಶಕರು, ಬೆಲೆ, ಪುಟ ಸಮೇತ
ಶನಿವಾರದೊಳಗೆ ಕಳಿಸತಕ್ಕದ್ದು.

ನಮ್ಮ ಗ್ರಂಥಾಲಯಕ್ಕೆ ಒಂದೇ ಕೋಣೆ.
ಗೋಡೆಯಾಚೆ ಹಾಲಿನ ಡೈರಿ.
ಪಾಂಡವಪುರದ ಕಡೆಯ ಬಿಸಿಗಾಳಿ
ಮೊದಲು ಅಲ್ಲಿ ಫ್ಯಾಟು ನೋಡಿಸಿಕೊಂಡು
ಆಮೇಲೆ ಇಲ್ಲಿಗೆ ಬರುತ್ತದೆ.
ಸಂಜೆ ಐದಕ್ಕೆ ಕ್ಯಾನು ಹಿಡಿದು ಸಾಲು ನಿಂತ ಮಕ್ಕಳನ್ನು
ಕಿಟಕಿಯಿಂದಲೇ ಕೂಗಿ ಹಿಡಿಯುತ್ತೇನೆ.
ಓದಲು ಯಾರೂ ಬರುವುದಿಲ್ಲ, ನಿಜ.
ಹಾಲು ಹಾಕಲು ಬರುತ್ತಾರೆ.

ಪಟ್ಟಿ ಶುರುಮಾಡಿದೆ.

ಒಂದು. ಸಮುದ್ರದ ಪುಸ್ತಕ, ನೀಲಿ ರಟ್ಟು.
ನಿಸರ್ಗಳಿಗೆ ಕೊಟ್ಟದ್ದು, ಆರನೇ ಕ್ಲಾಸು ಮುಗಿದ ವಾರ.
"ಕನ್ನಂಬಾಡಿಗಿಂತ ದೊಡ್ಡದಾ ಮೇಡಂ?"
ಓದಿ ನೋಡು ಅಂದೆ.
ಹದಿನೈದು ದಿನಕ್ಕೆ ತಂದುಕೊಟ್ಟಳು:
"ದೊಡ್ಡದೇ. ಆದ್ರೆ ಗೇಟೇ ಇಲ್ವಲ್ಲ,
ನಾಲೆಗೆ ಯಾರ್ ಬುಡ್ತಾರೆ ನೀರ?"

ಎರಡು. ಪತ್ತೇದಾರಿ ಕಥೆ.
ಶಿಫಾಳ ಅಪ್ಪ ಗಾಣದ ಮೋಟಾರು ಬಿಚ್ಚಿ ಜೋಡಿಸುವಷ್ಟು ಹೊತ್ತು
ಆಲೆಮನೆಯ ಮೂಲೆಯಲ್ಲಿ ಕೂತು ಓದಿದಳು.
ವಾಪಸು ಬಂದಾಗ ನಲವತ್ತನೇ ಪುಟಕ್ಕೆ
ನಲವತ್ತೊಂದು ಅಂಟಿತ್ತು. ಬೆಲ್ಲ.
ಕಳ್ಳ ಯಾರೆಂದು ಗೊತ್ತಾಗುವ ಜಾಗಕ್ಕೆ
ಒಂದು ಸಾಲು ಇರುವೆ
ಅವಳಿಗಿಂತ ಮೊದಲೇ ಹೋಗಿತ್ತು.
ದಂಡ ಹಾಕಬೇಕಿತ್ತು, ನಿಯಮವಿದೆ.
ಸ್ಟೀಲ್ ಸ್ಕೇಲಿನಿಂದ ಹಾಳೆ ಬಿಡಿಸುತ್ತಾ ಬಿಡಿಸುತ್ತಾ
ನಾನೂ ಓದಿಬಿಟ್ಟೆ.

ಮೂರು ಬರೆಯುವಾಗ ಪೆನ್ನು ನಿಂತಿತು.
ಲೋಚನ್.
ನನ್ನ ಕಿಟಕಿ ತಪ್ಪಿಸಲು
ಬಗ್ಗಿ ನಡೆಯುತ್ತಿದ್ದವನು.
ಕಳೆದ ಏಪ್ರಿಲ್ಲಿನಲ್ಲಿ ಕರೆಂಟು ಹೋಗಿ
ಡೈರಿಯ ಮಿಷನ್ನು ನಿಂತು ಸಾಲು ಕದಲದ ದಿನ
ತಾನಾಗಿ ಒಳಗೆ ಬಂದ.
"ಸಣ್ದು ಒಂದ್ ಕೊಡಿ ಮೇಡಂ.
ಆದ್ರೆ ಬಿರ್ನೆ ಮುಗೀಬಾರ್ದು."

ಇಂಥ ಅರ್ಜಿ ಇಲ್ಲಿ ಯಾರೂ ಹಾಕಿರಲಿಲ್ಲ.
ದಪ್ಪ ಪುಸ್ತಕ ತೋರಿದೆ, ಕ್ಯಾನಿನಷ್ಟೇ ಭಾರ ಅಂದ.
ನೀತಿಕಥೆ ತೋರಿದೆ, ಕೊನೇ ಸಾಲು ಮೊದಲೇ ಓದಿ
"ಗೊತ್ತಾಯ್ತು ಬುಡಿ" ಅಂದ.
ಬೀರುವಿನ ತಳದಲ್ಲಿ, ರಟ್ಟಿಲ್ಲದ್ದು,
ಲೆಡ್ಜರಿನಲ್ಲಿ 'ರದ್ದಿ' ಎಂದು ನಾನೇ ಕೆಂಪಿನಲ್ಲಿ ಬರೆದದ್ದು,
ಒಂದು ಒಗಟಿನ ಪುಸ್ತಕ.
ಉತ್ತರಗಳ ಹಾಳೆ ಯಾರೋ ಹರಿದುಕೊಂಡು ಹೋಗಿದ್ದಾರೆ.
ಕೊಟ್ಟೆ.

ಮರುದಿನದಿಂದ ಡೈರಿಯ ಸಾಲಿನಲ್ಲಿ ಜಗಳ.
'ನಿಂತಾಗ ನೀರು ಕುಡಿಯಿತು, ಮಲಗಿದಾಗ ಬೆಂಕಿ ಕಂಡಿತು,
ಕೂತಾಗ ಚಿನ್ನವಾಯಿತು':
ಇದು ಸುಲಭ, ಕಬ್ಬಿನ ಗದ್ದೆಯ ಮಕ್ಕಳು.
'ಹೋಗುವಾಗ ಒಂಟಿ, ಬರುವಾಗ ಊರು':
ಇದಕ್ಕೆ ಮೇ ಹತ್ತಾದರೂ ಉತ್ತರವಿಲ್ಲ.
ಗಾಳಿಸುದ್ದಿ, ಅಂದಳು ಶಿಫಾ.
ಎಲೆಕ್ಷನ್ನಿಗೆ ನಿಂತೋನು, ಅಂದ ಫ್ಯಾಟು ನೋಡುವ ಬೋರಪ್ಪ.
ಹಾಲು ಹಾಕಿಯೂ ಮನೆಗೆ ಹೋಗದ ಹೆಂಗಸರು
ಒಬ್ಬೊಬ್ಬರು ಒಂದೊಂದು.
ಜವರಮ್ಮಜ್ಜಿ ಮಾತ್ರ ಎಲೆಯಡಿಕೆ ಮೆಲ್ಲುತ್ತಾ
"ನಂಗೊತ್ತು, ಯೋಳಾಕಿಲ್ಲ" ಅಂದರು.
ಅವರಿಗೂ ಗೊತ್ತಿರಲಿಲ್ಲ ಅಂತ ನನ್ನ ಗುಮಾನಿ.

ಶಾಲೆ ತೆರೆಯುವ ಹಿಂದಿನ ಸಂಜೆ
ಲೋಚನ್ ಪುಸ್ತಕ ತಂದ.
ಹಿಂದೆ ಹನ್ನೊಂದು ಮಂದಿ,
ಮುಂದಿನ ಸರದಿ ಯಾರದೆಂದು ಗದ್ದಲ.
ಮಾರ್ಜಿನ್ನಿನ ತುಂಬ ಪೆನ್ಸಿಲ್ಲು, ಕೆಂಪು ಪೆನ್ನು,
ಡೈರಿಯ ನೀಲಿ ಶಾಯಿ.
ಆ ಒಂದರ ಪಕ್ಕ ಹದಿನಾಲ್ಕು ಉತ್ತರ,
ಹದಿನಾಲ್ಕಕ್ಕೂ ಅಡ್ಡಗೀಟು.
"ಸರಿಯಾದ್ದು ನೀವೇಳಿ" ಅಂದ.
ಬಾಗಿಲು ತುಂಬಿ ನಿಂತವರನ್ನು ನೋಡಿದೆ.
ಹೇಳಲಿಲ್ಲ.

ಇವತ್ತು ಶನಿವಾರ.
ಹತ್ತರಲ್ಲಿ ಮೂರೇ ತುಂಬಿವೆ, ಬೈದರೆ ಬೈಯಲಿ.
ಮೂರನೆಯದರ ಮುಂದೆ ಬರೆದೆ:
ಹೆಸರು, ಗೊತ್ತಿಲ್ಲ.
ಪ್ರಕಾಶಕರು, ಹರಿದಿದೆ.
ಬೆಲೆ, ಕಾಣುತ್ತಿಲ್ಲ.
ಪುಟ, ಮೂವತ್ತೆರಡು.
ಇನ್ನೂ ಮುಗಿದಿಲ್ಲ.